ರಂಗಮ್ಮನ ಫೋನು ಬಡಿದುಕೊಳ್ಳುವವರೆಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟಿನ ಕೂಲಿ ಲೈನಿನ, ಅಂದರೆ ಕೆಲಸಗಾರರ ಸಾಲುಮನೆಗಳ, ಮುಂದೆ ರುಬೀನಾ ಶಾಲು ಬಿಗಿಯಾಗಿ ಹೊದ್ದು ನಿಂತಿದ್ದಾರೆ. ಆನೆ ಕಂಡ ಕೂಡಲೇ ಸುತ್ತಲಿನವರ ಫೋನಿಗೆಲ್ಲ ಕರೆ ಹೋಗುವಂಥ ಸಾಫ್ಟ್‌ವೇರ್ ಅವರ ತಂಡದ್ದು. ಇವತ್ತು ಆನೆ ಬಂದಿಲ್ಲ, ಪರೀಕ್ಷೆ ಮಾತ್ರ. ಕಾಡಿನಂಚಿನಲ್ಲಿ ಕಾವಲುಗಾರ ಪುಟ್ಟಸ್ವಾಮಿ ಆಗಲೇ ಎಚ್ಚರಿಕೆಯ ಗುಂಡಿ ಒತ್ತಿದ್ದಾರೆ. ಕಾಫಿ ಹಣ್ಣು ಕೊಯ್ಯುವ ರಂಗಮ್ಮನ ಗುಂಪು ಗೇಟು ದಾಟಿ ತಿರುವಿನಲ್ಲಿ ಮರೆಯಾಗುತ್ತದೆ. ಯಾರ ಫೋನೂ ಸದ್ದು ಮಾಡುವುದಿಲ್ಲ.

“ಕಾಲ್ ಹೋಗಿದೆ ಮೇಡಂ, ಇಲ್ಲಿ ಹಸಿರು ತೋರಿಸ್ತಿದೆ,” ಎನ್ನುತ್ತಾನೆ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತ ದರ್ಶನ್, ಪ್ರೋಗ್ರಾಂ ಬರೆದವನು.

“ನಿನ್ನ ಕಡೆಯಿಂದ ಹೋಯ್ತು ಮಾರಾಯ. ಅವರ ಕಿವಿಗೆ ಬಿತ್ತಾ?”

ಬಿದ್ದದ್ದು ಅವರು ಹಳ್ಳ ದಾಟಿ ಗಿಡಗಳ ನಡುವೆ ಇಳಿದ ಮೇಲೆ. ಹೋದ ಕೊಯ್ಲಿನಲ್ಲಿ ಆನೆ ರಂಗಮ್ಮನ ನಾದಿನಿಯನ್ನು ತುಳಿದದ್ದು ಅಲ್ಲಿಯೇ.

ರುಬೀನಾ ಮೆಕ್ಯಾನಿಕ್ ಮನೆಯ ಮಗಳು. ಅಪ್ಪನ ಗ್ಯಾರೇಜಿನ ಮೇಲಿನ ಕೋಣೆಯೇ ಆಫೀಸು. ನಾಲ್ಕು ಜನ ಪ್ರೋಗ್ರಾಂ ಬರೆಯುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ತೀರ್ಮಾನಿಸುವುದು ರುಬೀನಾ ಪಾಲು. ಬೈಗುಳವೂ ಇವರ ಪಾಲೇ. “ಮೊದಲು ಕೇಳಿದ್ದಕ್ಕೆಲ್ಲ ಹೂಂ ಅಂತಿದ್ದೆ,” ಎನ್ನುತ್ತಾರೆ. “ಒಂದು ಕೆಲಸ ಎರಡು ಮಳೆಗಾಲ ಎಳೀತು. ಮುಗಿಯೋ ಹೊತ್ತಿಗೆ ಅದು ಯಾರಿಗೂ ಬೇಡವಾಗಿತ್ತು.”

ನಾಳೆ ಈ ಸಾಫ್ಟ್‌ವೇರಿನ ಉದ್ಘಾಟನೆ. ಅಲ್ಲಿಂದಾಚೆ, ಈಗ ಮೈಕು ಕಟ್ಟಿಕೊಂಡು ಎಚ್ಚರಿಸುತ್ತ ಓಡಾಡುವ ಜೀಪು ನಿಲ್ಲುತ್ತದೆ. ಈ ಕೆಲಸ ಕೊಟ್ಟ ಬೆಳೆಗಾರರ ಸಂಘದ ಸೋಮಶೇಖರಪ್ಪನವರಿಗೆ ಇನ್ನೊಂದು ಆಸೆ.

“ಆನೆ ಮ್ಯಾಪಲ್ಲಿ ಓಡಾಡೋ ಹಾಗೂ ಮಾಡ್ಬಿಡಿ. ಬಂದವರು ನೋಡ್ಲಿ.”

“ಮ್ಯಾಪ್ ಈಗ ಬೇಡ ಸಾರ್. ಉದ್ಘಾಟನೆಯೂ ಬೇಡ.”

“ಊಟಕ್ಕೆ ಹೇಳಿ ಆಗಿದೆಯಲ್ಲಮ್ಮ!”

“ಊಟ ಹಾಕ್ಸಿ, ನಾವೂ ಬರ್ತೀವಿ. ಇದನ್ನ ನಂಬಿ ಜೀಪು ನಿಲ್ಸೋಕೆ ಮಾತ್ರ ನಾನು ಒಪ್ಪಲ್ಲ.”

“ಹಾಗಾದ್ರೆ ಬೇರೆಯವರಿಗೆ ಕೊಡ್ತೀವಿ.”

“ನಾಳೆ ಬೆಳಿಗ್ಗೆ ಲೈನಿಗೆ ಬಂದು ನೋಡಿ. ಆಮೇಲೆ ಕೊಡಿ.”

ಕೈಯಲ್ಲಿದ್ದ ಬೇರೆಲ್ಲ ಕೆಲಸ ಬದಿಗಿಟ್ಟು ನಾಲ್ವರೂ ಕರೆ ಯಾಕೆ ತಡವಾಯಿತೆಂದು ಇದೊಂದನ್ನೇ ಹುಡುಕುತ್ತಾರೆ. ಸಂಜೆಯ ಹೊತ್ತಿಗೆ ದರ್ಶನ್ ತಲೆ ಚಚ್ಚಿಕೊಳ್ಳುತ್ತಾನೆ. ಕರೆಗಳು ಸಾಲಾಗಿ, ಒಂದು ಮುಗಿದ ಮೇಲೆ ಒಂದು ಹೋಗುತ್ತಿವೆ. ಹೆಸರು ಸೇರಿಸುವಾಗ ಯಾರೂ ಯೋಚಿಸಿಲ್ಲ, ಎಸ್ಟೇಟಿನ ರೂಢಿಯಂತೆ ಕೈ ಓಡಿದೆ: ಮೊದಲು ಮಾಲೀಕರ ಬಂಗಲೆಗಳು, ಆಮೇಲೆ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ. ಎಲ್ಲರ ಕೊನೆಗೆ ಲೈನು. ರುಬೀನಾ ಆ ಸಾಲನ್ನು ತಲೆಕೆಳಗು ಮಾಡಿಸುತ್ತಾರೆ.

ಮರುದಿನ ಮಂಜಿನಲ್ಲಿ ಸೋಮಶೇಖರಪ್ಪನವರೂ ಬಂದಿದ್ದಾರೆ, ಮುಖ ಗಂಟು ಹಾಕಿಕೊಂಡು. ಪುಟ್ಟಸ್ವಾಮಿ ಗುಂಡಿ ಒತ್ತುತ್ತಾರೆ. ಲೈನಿನ ಒಳಗಿನಿಂದ ಒಂದು ಫೋನು ಬಡಿದುಕೊಳ್ಳುತ್ತದೆ, ಹಿಂದೆಯೇ ಇನ್ನೊಂದು. ರಂಗಮ್ಮ ಬಾಗಿಲಿಗೆ ಬಂದು ರೇಗುತ್ತಾರೆ: “ಏನು ಮಾರಾಯ್ರೆ, ಕಾಫಿಯಾದ್ರೂ ಕುಡಿಯೋಕೆ ಬಿಡಿ! ನಾವಿನ್ನೂ ಹೊರಟೇ ಇಲ್ಲ!”

ಸೋಮಶೇಖರಪ್ಪ ತಮ್ಮ ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. “ನನಗಿನ್ನೂ ಬಂದಿಲ್ವಲ್ಲಮ್ಮ?”

“ಬರುತ್ತೆ ಸಾರ್,” ಎನ್ನುತ್ತಾರೆ ರುಬೀನಾ. “ನಿಮಗೆ ಸ್ವಲ್ಪ ತಡ ಆಗುತ್ತೆ.”