ಪೈಪಿಗೂ ಒಂದು ರಾತ್ರಿ ಬಾಣಂತನ

“ಪೈಪಿಗೆ ಎಂತ ಬಾಣಂತನ ಮಾಡ್ಲಿಕ್ಕುಂಟಾ ಮಾರಾಯ್ತಿ?”

ಹೀಗೆ ಕೇಳಿದವರು ಕ್ರೋಂಪೇಟೆಯ ನಮ್ಮ ಹೋಟೆಲಿನ ವಾಸು ಮಾಮ. (ನಮ್ಮ ಹೋಟೆಲು ಅಂದೆ. ಮಾಲೀಕರು ಅವರು. ನನ್ನಪ್ಪ ಅಲ್ಲಿ ಅಡುಗೆಯವರಾಗಿದ್ದರು, ಅಷ್ಟೇ.) ಕೇಳಿಸಿಕೊಂಡವಳು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು, ಆ ರಸ್ತೆಯ ಹೊಸ ನೀರಿನ ಪೈಪಿಗೆ ಸೈಟ್ ಇಂಜಿನಿಯರ್.

ಈಗ ರಸ್ತೆಯನ್ನು ಉದ್ದಕ್ಕೂ ಅಗೆಯಬೇಕಾಗಿಲ್ಲ, ಗೊತ್ತಲ್ಲ? ಈ ತುದಿಗೊಂದು ಗುಂಡಿ, ಆ ತುದಿಗೊಂದು ಗುಂಡಿ. ಮೆಷಿನ್ ನೆಲದೊಳಗೇ ಕೊರೆದು, ಕಪ್ಪು ಪ್ಲಾಸ್ಟಿಕ್ ಪೈಪನ್ನು ಎಳೆದು ತರುತ್ತದೆ. ಮೇಲೆ ಬಸ್ಸು ಓಡುತ್ತಲೇ ಇರುತ್ತದೆ. ಮೊನ್ನೆ ಸಂಜೆ ಹೋಟೆಲಿನ ಮುಂದಿನ ಗುಂಡಿಯಲ್ಲಿ ಪೈಪಿನ ತಲೆ ಇಣುಕಿದಾಗ ಜನ ಚಪ್ಪಾಳೆ ತಟ್ಟಿದರು. ಹಳೆಯ ಪೈಪು ಒಡೆದಂದಿನಿಂದ ಮಾಮ ಒಲೆ ಆರಿಸಿ, ಬಾಗಿಲು ಹಾಕಿ ಕೂತಿದ್ದರು.

“ಮೇಡಂ, ಕಟ್ ಪಣ್ಣಿ ಜಾಯಿಂಟ್ ಪೋಟ್ಟುಡಲಾಮಾ?” ಕತ್ತರಿಸಿ ಜೋಡಿಸಿಬಿಡೋಣವೇ ಎಂದು ಸೂಪರ್‌ವೈಸರ್ ಸೆಲ್ವಂ ಗರಗಸ ಹಿಡಿದೇ ತಮಿಳಿನಲ್ಲಿ ಕೇಳಿದ.

“ಬೇಡ. ಒಂದು ರಾತ್ರಿ ವಿಶ್ರಾಂತಿ ಬೇಕು ಅದಕ್ಕೆ. ನಾಳೆ.”

ಗದ್ದಲ ಶುರುವಾಯಿತು. ಬಾಣಂತನದ ಮಾತು ಬಂದದ್ದು ಆಗಲೇ.

ಕಾರಣ ಸರಳ. ಅಷ್ಟು ದೂರ ಜಗ್ಗಿಸಿಕೊಂಡ ಪ್ಲಾಸ್ಟಿಕ್ ಪೈಪು ತುಸು ಸಪೂರವಾಗಿ, ಉದ್ದವಾಗಿರುತ್ತದೆ. ಬಿಟ್ಟರೆ ಮೆಲ್ಲಗೆ ಹಿಂದಕ್ಕೆ ಕುಗ್ಗುತ್ತದೆ. ಅವಸರಪಟ್ಟು ಅಳತೆಗೆ ಕತ್ತರಿಸಿ ಜೋಡಿಸಿದರೆ ರಾತ್ರಿಯೇ ಜಾಯಿಂಟನ್ನು ಕಿತ್ತುಕೊಂಡೀತು. ಮತ್ತೆ ಅಗೆತ, ಮತ್ತೆ ಹೋಟೆಲು ಬಂದ್.

ಹೇಳಿದರೆ ಯಾರು ನಂಬುತ್ತಾರೆ? ಕಣ್ಣೆದುರು ಪೈಪು ಮೊಸಳೆಯ ಹಾಗೆ ಅಲ್ಲಾಡದೆ ಬಿದ್ದಿತ್ತು.

“ಓದಿದ್ದು ಜಾಸ್ತಿ ಆಯ್ತು ಇವಳಿಗೆ” ಎಂದರು ಮಾಮ. “ನಾಳೆಯೂ ಅದು ಅಲ್ಲೇ ಇದ್ರೆ ಎಂತ ಮಾಡ್ತಿ?”

“ಮಾಮ, ಅಪ್ಪ ತುಕ್ಕುಡಿ ಕರೀಲಿಕ್ಕೆ ಮೈದಾಹಿಟ್ಟು ಲಟ್ಟಿಸಿದ ಕೂಡ್ಲೇ ಕತ್ತರಿಸ್ತಿದ್ರಾ?”

ಮಾಮ ತಲೆ ಕೆರೆದುಕೊಂಡರು. “ಇಲ್ಲಪ್ಪ. ಕೈ ಹಾಕ್ಲಿಕ್ಕೇ ಬಿಡ್ತಿರ್ಲಿಲ್ಲ. ಹಿಟ್ಟು ಕುಗ್ತದೆ, ತುಂಡು ಸೊಟ್ಟ ಆಗ್ತದೆ ಅಂತ ನನಗೇ ಬೈತಿದ್ದ.”

“ಇದೂ ಅಷ್ಟೇ.”

ಕುಗ್ಗುತ್ತದೆ ಎಂದು ಅಪ್ಪನಿಗೆ ಗೊತ್ತಿತ್ತು. ಯಾಕೆ, ಎಷ್ಟು ಎಂದು ನನಗೆ ಗೊತ್ತು. ಅದಕ್ಕೇ ತಾನೇ ಅವರು ನನ್ನನ್ನು ಓದಿಸಿದ್ದು? (ಹೆಮ್ಮೆ ಇದೆ. ಮುಚ್ಚಿಡುವುದಿಲ್ಲ.)

ಆದರೂ, ಪೈಪು ಮಣ್ಣಿನಿಂದ ಹೊರಬರುವ ಜಾಗದಲ್ಲಿ ಅದರ ಮೇಲೊಂದು ಬಿಳಿ ಗೆರೆ ಎಳೆದು ಮನೆಗೆ ಹೋದವಳಿಗೆ ಊಟ ಸೇರಲಿಲ್ಲ. ಗೆರೆ ಕದಲದಿದ್ದರೆ? ಅಪ್ಪ ದುಡಿದ ಹೋಟೆಲಿನ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ?

ಬೆಳಿಗ್ಗೆ ಹೋದರೆ ಮಾಮ ಆಗಲೇ ಗುಂಡಿಗೆ ಬಗ್ಗಿದ್ದರು. ಒಳಗಿನಿಂದ ಸೆಲ್ವಂ ಕೂಗಿದ, “ಮೇಡಂ, ಕೋಡೇ ಕಾಣೋಂ!”

ಗೆರೆಯೇ ಇಲ್ಲ! ಪೈಪು ಅದನ್ನೂ ಎಳೆದುಕೊಂಡು ಮಣ್ಣೊಳಗೆ ಸರಿದಿತ್ತು. ನಾನು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟೆ.

ಆಮೇಲೆ ಕತ್ತರಿಸಿದೆವು, ಜೋಡಿಸಿದೆವು. ನೀರು ಬಂತು. ಒಂದು ಹನಿ ಸೋರಲಿಲ್ಲ. ಮಾಮ ಮೊದಲ ಕಾಫಿಯನ್ನು ತಾವೇ ತಂದುಕೊಟ್ಟರು. “ಬಾಣಂತಿ ಹುಷಾರಾ?” ಎಂದು ಪೈಪಿನ ಕಡೆ ಗದ್ದ ಎತ್ತಿ ತೋರಿಸಿದರು.

ಆ ಸಂಜೆ ನನ್ನ ಗಂಡ ಊರಿನ ಇನ್ನೊಂದು ತುದಿಯ ಪ್ಯಾರೀಸ್ ಕಾರ್ನರಿನ ಆಫೀಸಿನಿಂದ ಲೋಕಲ್ ಟ್ರೈನಿನಲ್ಲಿ ಜೋತಾಡಿಕೊಂಡು ಬಂದರು. ಬಾಗಿಲಲ್ಲೇ “ಗ್ಯಾಸ್ ಬುಕ್ ಮಾಡಿದ್ರಾ?” ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ.

ಪೈಪಿಗೆ ಒಂದಿಡೀ ರಾತ್ರಿ ಕೊಟ್ಟವಳು, ಗಂಡನಿಗೆ ಒಂದು ಕಾಫಿಯ ಹೊತ್ತಾದರೂ ಕೊಡಬೇಡವೇ?