ಪ್ಯಾರಿಸ್‌ನಿಂದ ರೋಮ್‌ಗೆ ಬಸ್ಸಿನಲ್ಲಿ

ಪ್ರವಾಸ ಮುಗಿಸಿ ಮರಾಠಿ ಸೀಮೆಯ ನೌಪಾಡಾದ ನಮ್ಮ ಮನೆಗೆ ಮರಳಿದ ಮಾರನೆಯ ದಿನ ಎಡಗಾಲು ಊರಲಾಗಲಿಲ್ಲ. ಮೀನಖಂಡ ಊದಿ ಬಿಗಿದಿತ್ತು. ಮುಟ್ಟಿದರೆ ಬಿಸಿ.

"ಯುರೋಪ್ ಇಡೀ ನಡೆದದ್ದಲ್ವಾ ಮಾರಾಯ್ತಿ, ನೋಯದೆ ಇರ್ತದಾ?" ಎಂದರು ನನ್ನ ಗಂಡ. ತಾವೇ ತೆಂಗಿನೆಣ್ಣೆ ಬಿಸಿ ಮಾಡಿ ತಂದು ಚೆನ್ನಾಗಿ ತಿಕ್ಕಿ, ತಾವು ನಡೆಸುವ ಊಟದ ಹೋಟೆಲಿಗೆ ಹೋದರು. ಮದುವೆಯಾದಂದಿನಿಂದ ಇಂಥ ಸೇವೆ ಕಂಡವಳಲ್ಲ ನಾನು. ಸುಖವಾಗಿಯೇ ಇತ್ತು.

ಮಧ್ಯಾಹ್ನ ಬಟ್ಟೆ ಒಣಹಾಕಲೆಂದು ಕೈ ಎತ್ತಿದೆ.

ಉಸಿರು ಸಿಗಲಿಲ್ಲ.

ಬಾಯಿ ತೆರೆದರೂ ಗಾಳಿ ಒಳಗೆ ಹೋಗುತ್ತಿಲ್ಲ. ಎದೆಯಲ್ಲಿ ಚುಚ್ಚು. ಹೇಗೋ ಇವರಿಗೆ ಫೋನ್ ಮಾಡಿದೆ. ಹೋಟೆಲಿನ ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದು ರಿಕ್ಷಾ ಹತ್ತಿಸಿದರು. ಆಸ್ಪತ್ರೆಯಲ್ಲಿ ಇಸಿಜಿ, ಸೋನೋಗ್ರಫಿ, ಸಿ.ಟಿ. ಸ್ಕ್ಯಾನ್. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ತುಂಡು ಶ್ವಾಸಕೋಶಕ್ಕೆ ಹೋಗಿ ಕೂತಿದೆ ಎಂದರು.

ಡಾಕ್ಟರ್ ಮರಾಠಿ ಹುಡುಗಿ. ನಮ್ಮೊಡನೆ ಹಿಂದಿಯಲ್ಲಿ ಮಾತು. "ಆಂಟಿ, ಲಂಬಾ ಸಫರ್ ಕಿಯಾ ಥಾ ಕ್ಯಾ?" ದೂರ ಪ್ರಯಾಣ ಮಾಡಿದ್ದಿರಾ ಎಂದು ಕೇಳಿದರು.

"ಪ್ಯಾರಿಸ್ ಸೇ ರೋಮ್," ಎಂದರು ಇವರು.

"ವೋ ತೋ ದೋ ಘಂಟೇ ಕಾ ಫ್ಲೈಟ್ ಹೈ."

"ಹಮ್ ಬಸ್ ಸೇ ಗಯೇ."

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು.

ವಿಮಾನದಲ್ಲಿ ಸಾವಿರದ ನೂರು ಕಿಲೋಮೀಟರ್, ಎರಡು ತಾಸು ಚಿಲ್ಲರೆ. ರಸ್ತೆಯಲ್ಲಾದರೆ ಬೆಟ್ಟ ಸುತ್ತಿ ಸಾವಿರದ ನಾನೂರರ ಹತ್ತಿರ. ಒಂದು ರಾತ್ರಿ, ಮೇಲೆ ಬಹುಪಾಲು ಹಗಲು. ಪ್ರವಾಸದ ಗುಂಪಿನವರೆಲ್ಲ ಹಾರಿಹೋದರು. ನನಗೆ ವಿಮಾನ ಮೇಲೇಳುವಾಗ ಜೀವ ಬಾಯಿಗೆ ಬರುತ್ತದೆ. ಹೋಗಿ ಬರುವ ವಿಮಾನ ಹೇಗೂ ತಪ್ಪದು, ನಡುವಿನದಾದರೂ ಬೇಡವೆಂದು ನಾವಿಬ್ಬರು ಬಸ್ಸು ಹಿಡಿದೆವು. "ಊರಿಗೆ ಹೋಗುವ ಉಡುಪಿ ಬಸ್ಸಿಗಿಂತ ಸ್ವಲ್ಪ ಹೆಚ್ಚು ದೂರ, ಅಷ್ಟೇ. ನಮಗೇನು ಹೊಸತಾ?" ಎಂದು ಇವರು ಧೈರ್ಯ ಕೊಟ್ಟಿದ್ದರು. ಊರಿನ ಬಸ್ಸಿನಲ್ಲಿ ನಾವು ಹೆಂಗಸರು ಹೇಗೆ ಹೋಗುತ್ತೇವೋ ಹಾಗೆಯೇ ನಾನೂ ಹೋದೆ: ಮಧ್ಯದಲ್ಲಿ ಇಳಿಯುವ ಕಷ್ಟ ಬೇಡವೆಂದು ಸಂಜೆಯಿಂದಲೇ ನೀರು ಮುಟ್ಟದೆ, ಕಿಟಕಿ ಪಕ್ಕ ಬ್ಯಾಗು ತಬ್ಬಿಕೊಂಡು, ಕಾಲು ಮಡಚಿ.

ಅಷ್ಟು ಹೊತ್ತು ಅಲುಗಾಡದೆ, ನೀರಿಲ್ಲದೆ ಕೂತರೆ ರಕ್ತ ಹೆಪ್ಪುಗಟ್ಟಬಹುದು ಎಂದರು ಡಾಕ್ಟರ್. ಇವರು ಎಣ್ಣೆಯ ವಿಷಯ ಹೇಳಿದರು. ಊದಿದ ಕಾಲನ್ನು ಹಾಗೆ ತಿಕ್ಕಲೇಬಾರದಿತ್ತು, ತುಂಡು ಕಳಚಿ ಮೇಲೆ ಹೋಗಬಹುದು ಎಂದಾಗ ಇವರು ತಮ್ಮ ಅಂಗೈಗಳನ್ನೇ ನೋಡುತ್ತ ನಿಂತರು.

ನನ್ನನ್ನು ಐಸಿಯುಗೆ ಹಾಕಿದರು. ರಕ್ತ ತೆಳುವಾಗಿಸುವ ಇಂಜೆಕ್ಷನ್, ಮೂಗಿಗೆ ಆಕ್ಸಿಜನ್. ಇನ್ನೊಂದು ತುಂಡು ಹೊರಟರೆ? ಆ ಒಂದೇ ಯೋಚನೆ. ಕೆಮ್ಮಲು ಹೆದರಿದೆ, ಮಗ್ಗುಲಾಗಲು ಹೆದರಿದೆ. ವಿಮಾನದ ಭಯ ನನಗೆ ಗೊತ್ತಿದ್ದದ್ದು. ಅದು ನೆಲ ಮುಟ್ಟಿದ ಕೂಡಲೇ ಮುಗಿಯುತ್ತದೆ. ಈ ಭಯ ನನ್ನ ಮೈಯೊಳಗೇ ಇತ್ತು, ಇಳಿದು ಹೋಗಲು ಜಾಗವೇ ಇಲ್ಲ. ಮಾಡಿದ ಅಡುಗೆ ಗ್ಯಾಸಿನ ಮೇಲೇ ಇದೆಯಲ್ಲ ಎಂದು ನೆನಪಾಗಿ ಅಳು ಬಂತು.

ಇನ್ನೊಂದು ತುಂಡು ಹೊರಡಲಿಲ್ಲ. ನಿಧಾನವಾಗಿ ಉಸಿರು ಹಿಡಿತಕ್ಕೆ ಬಂತು. ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಪೂರ್ತಿ ವಾಸಿಯಾಯಿತು ಎಂದು ಯಾರೂ ಹೇಳಿಲ್ಲ. ನಾನೂ ಕೇಳುವುದಿಲ್ಲ.

ಈಗ ಇವರು ಮಧ್ಯಾಹ್ನದ ಗಿರಾಕಿಗಳ ಗದ್ದಲದಲ್ಲೂ ಹೋಟೆಲ್ ಬಿಟ್ಟು ಮನೆಗೆ ಬರುತ್ತಾರೆ. ಮಲಗಿರುವ ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ನಿಲ್ಲುತ್ತಾರೆ. ನಾನು ಕಣ್ಣು ಮುಚ್ಚಿಕೊಂಡೇ ಹೇಳುತ್ತೇನೆ:

"ಇದ್ದೇನೆ ಮಾರಾಯ್ರೆ. ಊಟಕ್ಕೆ ಕೂತ್ಕೊಳ್ಳಿ."