ಎರಡು ಸಲ ಕಟ್ಟಿದ ಪರದೆ

ಧಾರವಾಡದಿಂದ ನಾವು ಹೊರಟಾಗ ಕಂಡಕ್ಟರ್ ನಮ್ಮ ಪ್ರೊಜೆಕ್ಟರಿಗೂ ಟಿಕೆಟ್ ಹರಿದ. "ಪೆಟ್ಟಿಗಿಗೆ ಯಾಕ್ರಿ ಟಿಕೀಟು?" ಎಂದು ಬಸಣ್ಣ ಜಗಳಕ್ಕೆ ನಿಂತ. "ಸೀಟಿನ ಮ್ಯಾಲ ಕುಂತೈತಲ್ರಿ!" ಎಂದ ಕಂಡಕ್ಟರ್. ಬಸಣ್ಣ ನಮ್ಮ ತಂಡದಲ್ಲಿ ಪ್ರೊಜೆಕ್ಟರ್ ಓಡಿಸುವವ. ನಾನು ಕನ್ನಡ ಶಾಲೆಯ ಶಿಕ್ಷಕಿ. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಕೂಲಿ ಹೆಣ್ಣುಮಕ್ಕಳು ಒಗ್ಗಟ್ಟಾಗಿ ಗಂಡಸರಷ್ಟೇ ಕೂಲಿ ಕೇಳುವ ಸಿನಿಮಾವೊಂದರ ರೀಲು ಹೊತ್ತು ಊರೂರಿಗೆ ಹೊರಟಿದ್ದೆವು. ಸಂಜೆ ಸಿನಿಮಾ, ಮರುದಿನ ಮಕ್ಕಳಿಗೆ ಚಿತ್ರ ಬರೆಯುವ ಶಿಬಿರ.

ಹಳಿಯಾಳದಲ್ಲಿ ಗಿರಮಿಟ್ಟು, ಮಿರ್ಚಿ ತಿಂದು ದಾಂಡೇಲಿಯ ಬಸ್ಸು ಹತ್ತಿದೆವು. ಅಲ್ಲಿ ಕಾಗದದ ಕಾರ್ಖಾನೆಯ ಕೆಲಸಗಾರರು ಬಯಲು ತುಂಬಿ ಕೂತರು. ಧಾರವಾಡ, ಬೆಳಗಾವಿ ಕಡೆಯವರೇ ಹೆಚ್ಚು. ಪರದೆಯ ಮೇಲಿನ ಹೆಂಗಸರು "ಸಮಾನ ಕೂಲಿ" ಎಂಬ ಫಲಕ ಎತ್ತಿದಾಗ ಬಿದ್ದ ಸಿಳ್ಳೆಗೆ ನನ್ನ ಎದೆ ಉಬ್ಬಿತು. ಸುಳ್ಳೇಕೆ ಹೇಳಲಿ, ಆಮೇಲೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಅಲ್ಲಿಯ ಶಿಬಿರ ಮುಗಿಸಿ ಸಾಂಬ್ರಾಣಿ ಕಡೆಯ ಸಣ್ಣದೊಂದು ಊರಿಗೆ ಬಂದೆವು. ಶಾಲೆಯ ಅಂಗಳದಲ್ಲಿ ಎರಡು ಬಿದಿರು ನೆಟ್ಟು ತೆಳ್ಳನೆಯ ಬಿಳಿ ಅರಿವೆ ಬಿಗಿದೆವು. ಆಟ ಇಲ್ಲಿಯೂ ಗೆದ್ದಿತು.

ಬೆಳಿಗ್ಗೆ ಶಿಬಿರ. ಉದ್ದನೆಯ ಕಾಗದದ ಸುರುಳಿಯಲ್ಲಿ ಮಕ್ಕಳೆಲ್ಲ ಒಂದೊಂದು ಚಿತ್ರ ಬರೆಯುವುದು. ಕಿಟಕಿ ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ಸುತ್ತುತ್ತ ಹೋದರೆ ಅವರದೇ ಸಿನಿಮಾ. ಮಾದೇವಿ ಎಂಬ ಮೂರನೇ ಇಯತ್ತೆಯ ಹುಡುಗಿ ಫಲಕ ಹಿಡಿದ ಹೆಂಗಸನ್ನು ಬಲು ಚೆಂದ ಬರೆದಿದ್ದಳು. ಆದರೆ ಫಲಕದ ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು.

"ಈಕಿಗೆ ಅಕ್ಷರಾನ ಬರಾಂಗಿಲ್ಲ ನೋಡ್ರಿ ಬಾಯಾರ. ಹೊಳ್ಳಿ ಒಂದನೇ ಕ್ಲಾಸಿನ್ಯಾಗ ಕುಂದ್ರಸ್ತೇನಿ" ಎಂದರು ಹೆಡ್ ಮಾಸ್ತರರು.

ಹುಡುಗಿಯ ಕಣ್ಣು ತುಂಬಿತು. ಬಳಪ ತೆಗೆದುಕೊಂಡು ಪಾಟಿಯ ಮೇಲೆ "ಸಮಾನ ಕೂಲಿ" ಎಂದು ಮುತ್ತಿನಂತೆ ಬರೆದು ತೋರಿಸಿದಳು. "ನನಗ ಬರ್ತೈತ್ರಿ ಸರ. ಸಿನೇಮಾದಾಗ ಉಲ್ಟಾ ಇತ್ತು, ಅದಕ್ಕ ಹಂಗ ಬರದೇನಿ."

"ನೀ ಎಲ್ಲಿ ಕುಂತಿದ್ದಿ?" ಎಂದು ಕೇಳಿದೆ.

"ಅರಿವಿ ಹಿಂದ್ರಿ. ನಮ್ಮ ಕೇರಿಯವ್ರು ಯಾವಾಗಲೂ ಅಲ್ಲೇ ಕುಂದ್ರೂದು."

ಸಮಾನತೆಯ ಸಿನಿಮಾ ತಂದವರು ನಾವು! ಊರಾಚೆಯ ಕೂಲಿ ಕೇರಿಯ ಜನ ಪರದೆಯ ಹಿಂದೆ ಕೂತದ್ದು ಪ್ರೊಜೆಕ್ಟರಿನ ಬದಿ ಮೆರೆಯುತ್ತಿದ್ದ ನನಗೆ ಕಂಡಿರಲಿಲ್ಲ. "ಜೋಯಿಡಾಕ್ಕ ನಾಳೆ ಹೋಗೂಣು. ಇವತ್ತ ಇನ್ನೊಂದು ಆಟ" ಎಂದು ಬಸಣ್ಣನಿಗೆ ಹೇಳಿದೆ. ಮಾಸ್ತರರು ಪಾಟಿಯನ್ನು ಹುಡುಗಿಯ ಕೈಗೆ ಮರಳಿ ಕೊಟ್ಟು "ಇರ್ಲಿ, ಮೂರನೇದ್ರಾಗನ ಇರ್ಲಿ" ಎಂದರು.

ಆ ಸಂಜೆ ಪರದೆಯನ್ನು ಶಾಲೆಯ ಗೋಡೆಗೇ ಬಡಿದೆವು. ಹಿಂದೆ ಕೂರಲು ಜಾಗವೇ ಇಲ್ಲ. ಕೇರಿಯವರು ಬಂದು ಗೋಡೆ ನೋಡಿ ದೂರದಲ್ಲಿ ನಿಂತುಬಿಟ್ಟರು. ಮುಂದೆ ಕೂತಿದ್ದ ಊರ ಹಿರಿಯರೊಬ್ಬರು "ಇಲ್ಲೆಲ್ಲಿ ಜಾಗ ಐತ್ರಿ?" ಎಂದು ಗೊಣಗಿದರು. ನಾನು ದನಿಯೇರಿಸಿ ಹೇಳಿದೆ: "ಮೊದಲ ಮಕ್ಕಳ ಸಿನೇಮಾ! ಪೆಟ್ಟಿಗಿ ಸಣ್ಣದೈತಿ. ಚಿತ್ರ ಬರದ ಮಕ್ಕಳ ಅವ್ವ-ಅಪ್ಪ ಎಲ್ಲಾರೂ ಮುಂದ ಬರ್ರಿ!"

ಮಕ್ಕಳ ಚಿತ್ರ ನೋಡುವ ಆಸೆ ಯಾರಿಗಿಲ್ಲ? ಕೇರಿಯವರೂ ಒಬ್ಬೊಬ್ಬರಾಗಿ ಮುಂದೆ ಸರಿದರು. ಮಾದೇವಿ ತಾಯಿ ಲಕ್ಷ್ಮವ್ವನ ಸೆರಗು ಹಿಡಿದೆಳೆದು ಎಲ್ಲರಿಗಿಂತ ಮುಂದೆ ಕೂರಿಸಿದಳು. ಪೆಟ್ಟಿಗೆಯ ಆಟ ಮುಗಿದಾಗ ಚಪ್ಪಾಳೆ ತಟ್ಟಿದವರಲ್ಲಿ ಆ ಹಿರಿಯರೂ ಇದ್ದರು. ಆಮೇಲೆ ಎದ್ದು ಹಿಂದೆ ಹೋಗಲು ಲಕ್ಷ್ಮವ್ವನಿಗೆ ಮಗಳು ಬಿಡಲಿಲ್ಲ. ದಾಂಡೇಲಿಯ ಸಿಳ್ಳೆಗಿಂತ ನನಗೆ ಹೆಮ್ಮೆಯಾದದ್ದು ಇದನ್ನು ಕಂಡು.

ಬಸಣ್ಣ ದೊಡ್ಡ ಸಿನಿಮಾ ಶುರುಮಾಡಿದ. ಪರದೆಯ ಹೆಂಗಸರು ಫಲಕ ಎತ್ತಿದರು. ಮಾದೇವಿ ಅಕ್ಷರಕ್ಕಕ್ಷರ ಕೂಡಿಸಿ ಓದಿದಳು. ಆಮೇಲೆ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು:

"ಅವ್ವಾ, ಸಿನೇಮಾದವ್ರು ತಮ್ಮ ತಪ್ಪು ತಿದ್ಕೊಂಡಾರ ನೋಡ!"